ಮುಖ್ಯರಸ್ತೆಗೆ ಮತ್ತೆ ಡಾಂಬರು, ನಮ್ಮ ಓಣಿಗೆ ಗಟಾರವೇ ಇಲ್ಲ: ನಗರಸಭೆಯ ಕಾಮಗಾರಿಗಳ ಸರದಿ ಹೇಗೆ ನಿರ್ಧಾರವಾಗುತ್ತದೆ?

ಪ್ರಶ್ನೆ: ಮಾನ್ಯರೇ, ನಾವು ಕೊಪ್ಪಳ ನಗರದ ಹೊರವಲಯದ ಒಂದು ಬಡಾವಣೆಯ ನಿವಾಸಿಗಳು. ಮನೆ ಕಂದಾಯವನ್ನು ತಪ್ಪದೆ ಕಟ್ಟುತ್ತಿದ್ದೇವೆ. ಓಣಿಯಲ್ಲಿ ಗಟಾರವಿಲ್ಲ, ಜೋರು ಮಳೆಯಾದರೆ ನೀರು ಮನೆಯೊಳಗೆ ನುಗ್ಗುತ್ತದೆ. ಪ್ರತಿ ವರ್ಷ ಅರ್ಜಿ ಕೊಡುತ್ತೇವೆ, ‘ಅನುದಾನ ಬಂದಾಗ ನೋಡೋಣ’ ಎಂಬ ಉತ್ತರ ಪಡೆಯುತ್ತೇವೆ. ಇದೇ ಅವಧಿಯಲ್ಲಿ ಚೆನ್ನಾಗಿಯೇ ಇದ್ದ ಮುಖ್ಯರಸ್ತೆಗೆ ಮತ್ತೊಮ್ಮೆ ಡಾಂಬರು ಹಾಕಿದರು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸಲು ಏನಾದರೂ ಮಾನದಂಡ ಇದೆಯೇ, ಅಥವಾ ಎಲ್ಲವೂ ಪ್ರಭಾವವೇ? ನಾವು ಏನು ಮಾಡಬೇಕು?

ಉತ್ತರ: ನೀವು ಎರಡು ಕಾಮಗಾರಿಗಳನ್ನು ಎದುರುಬದುರು ಇಟ್ಟು ಕೇಳಿದ್ದೀರಿ. ನಗರಸಭೆಯಲ್ಲಿ ಕುಳಿತವರು ಮುಖ್ಯರಸ್ತೆಯ ಡಾಂಬರನ್ನೂ ನಿಮ್ಮ ಓಣಿಯ ಗಟಾರವನ್ನೂ ತೂಗಿ ನೋಡಿ, ಡಾಂಬರೇ ಮೊದಲಾಗಲಿ ಎಂದು ತೀರ್ಮಾನಿಸಿರಬೇಕು ಎಂಬ ಊಹೆ ಆ ಪ್ರಶ್ನೆಯ ಹಿಂದೆ ಇದೆ. ಬಹುಮಟ್ಟಿಗೆ ಹಾಗೆ ನಡೆದಿರುವುದಿಲ್ಲ. ಆ ಎರಡು ಕೆಲಸಗಳು ಒಂದೇ ಸರದಿಯಲ್ಲಿ ನಿಂತೇ ಇರುವುದಿಲ್ಲ. ಅವುಗಳ ಹಣ ಬೇರೆ, ಮಂಜೂರು ಮಾಡುವವರು ಬೇರೆ, ಕೆಲವೊಮ್ಮೆ ಆ ರಸ್ತೆಯ ಒಡೆತನವೇ ಬೇರೆ ಇಲಾಖೆಯದಾಗಿರುತ್ತದೆ. ಪ್ರಭಾವ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅದು ಕೆಲಸ ಮಾಡುವ ಜಾಗ ಯಾವುದೆಂದು ತಿಳಿಯದೆ ಕೊಟ್ಟ ಅರ್ಜಿ, ಪ್ರತಿ ವರ್ಷ ಅದೇ ಉತ್ತರದೊಂದಿಗೆ ಹಿಂದಿರುಗುತ್ತಿರುತ್ತದೆ.

ಮೊದಲು ರಸ್ತೆಯ ವಿಷಯವನ್ನು ಮುಗಿಸಿಬಿಡೋಣ. ನಗರದೊಳಗೆ ಹಾದುಹೋಗುವ ಪ್ರತಿಯೊಂದು ರಸ್ತೆಯೂ ನಗರಸಭೆಯದಲ್ಲ. ಹೊಸಪೇಟೆಯಿಂದ ಕೊಪ್ಪಳದ ಮೂಲಕ ಗದಗದ ಕಡೆಗೆ ಹೋಗುವ ಮಾರ್ಗ ರಾಷ್ಟ್ರೀಯ ಹೆದ್ದಾರಿ. ಹಿಂದೆ 63 ಎಂದು ಕರೆಯುತ್ತಿದ್ದ ಅದಕ್ಕೆ ಈಗ 67ನೇ ಸಂಖ್ಯೆ ಇದೆ. ರಾಜ್ಯ ಹೆದ್ದಾರಿಗಳೂ ಜಿಲ್ಲಾ ಮುಖ್ಯರಸ್ತೆಗಳೂ ಲೋಕೋಪಯೋಗಿ ಇಲಾಖೆಯ ವಶದಲ್ಲಿರುತ್ತವೆ. ಅಲ್ಲಿ ಬೀಳುವ ಡಾಂಬರಿನ ಹಣ ನಗರಸಭೆಯ ಖಜಾನೆಗೆ ಬಂದಿರುವುದೇ ಇಲ್ಲ. ಆ ಕಾಮಗಾರಿ ನಿಂತಿದ್ದರೂ ನಿಮ್ಮ ಓಣಿಗೆ ಒಂದು ರೂಪಾಯಿಯೂ ಹರಿಯುತ್ತಿರಲಿಲ್ಲ. ಇನ್ನು ರಸ್ತೆ ನಗರಸಭೆಯದೇ ಆಗಿದ್ದರೂ, ಶಾಸಕರ ಮೂಲಕ ಬಂದ ವಿಶೇಷ ಅನುದಾನದಲ್ಲಿಯೋ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿಯೋ ಕೆಲಸ ನಡೆದಿರುವ ಸಾಧ್ಯತೆ ಇರುತ್ತದೆ. ಹೀಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ‘ಏಕೆ ಆ ರಸ್ತೆ?’ ಎಂಬುದಲ್ಲ, ‘ಅದು ಯಾವ ಲೆಕ್ಕ ಶೀರ್ಷಿಕೆಯಲ್ಲಿ, ಅಂದರೆ ಯಾವ ಹಣದ ಬಾಬ್ತಿನಲ್ಲಿ, ನಡೆದ ಕೆಲಸ?’ ಎಂಬುದು.

ಆ ಲೆಕ್ಕ ಶೀರ್ಷಿಕೆಯೇ ಈ ವಿಷಯದ ಮುಖ್ಯ ಭಾಗವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ರಸ್ತೆ, ಸೇತುವೆ, ನೀರು ಪೂರೈಕೆ, ನೈರ್ಮಲ್ಯ, ಬೀದಿದೀಪ ಎಲ್ಲವೂ ಅದರಲ್ಲಿವೆ. ಆದರೆ ಕೆಲಸ ವಹಿಸಿದಷ್ಟು ಸುಲಭವಾಗಿ ಹಣವನ್ನು ಯಾರೂ ವಹಿಸಿಲ್ಲ. ನಗರಸಭೆ ತನ್ನ ಇಷ್ಟದಂತೆ ಖರ್ಚು ಮಾಡಬಹುದಾದ ಹಣವೆಂದರೆ ಸ್ವಂತ ಆದಾಯ: ಆಸ್ತಿ ತೆರಿಗೆ, ನೀರಿನ ಕರ, ಉದ್ದಿಮೆ ಪರವಾನಗಿ ಶುಲ್ಕ, ಮಳಿಗೆಗಳ ಬಾಡಿಗೆ, ಕಟ್ಟಡ ಪರವಾನಗಿ ಶುಲ್ಕ. ನೀವು ಕಟ್ಟುವ ಕಂದಾಯದ ರಸೀದಿಯನ್ನು ಒಮ್ಮೆ ಗಮನವಿಟ್ಟು ನೋಡಿ. ತೆರಿಗೆಯ ಮೇಲೆ ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಎಂದು ಸೇರಿಸಿರುವ ಮೊತ್ತವನ್ನು ನಗರಸಭೆ ವಸೂಲಿ ಮಾಡಿ ಸಂಬಂಧಪಟ್ಟವರಿಗೆ ದಾಟಿಸಬೇಕಷ್ಟೆ, ತಾನು ಬಳಸುವಂತಿಲ್ಲ.

ಉಳಿದ ಸ್ವಂತ ಆದಾಯವೂ ಪೂರ್ತಿ ಸ್ವತಂತ್ರವಲ್ಲ. ಸ್ವಂತ ನಿಧಿ ಮತ್ತು ರಾಜ್ಯ ಹಣಕಾಸು ಆಯೋಗದ ಮುಕ್ತನಿಧಿಯಲ್ಲಿ (ಇಂಥದೇ ಕೆಲಸಕ್ಕೆಂದು ಕಟ್ಟಿಹಾಕದ ಅನುದಾನದಲ್ಲಿ) ಶೇ. 24.10 ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರ ಕಲ್ಯಾಣಕ್ಕೆ, ಶೇ. 7.25 ಇತರ ಬಡವರ್ಗದವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಇದು ನ್ಯಾಯವಾದ ಮೀಸಲು. ಇದಿಲ್ಲದಿದ್ದರೆ ಈ ಭಾಗದ ಎಷ್ಟೋ ಕೇರಿಗಳಿಗೆ ಇಂದಿಗೂ ಸಿಮೆಂಟು ರಸ್ತೆ ಕಾಣುತ್ತಿರಲಿಲ್ಲ. ಆ ಬಳಿಕ ಸಿಬ್ಬಂದಿ ವೆಚ್ಚ ಬರುತ್ತದೆ. 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬ ಲೆಕ್ಕದಲ್ಲಿ ನೇಮಿಸಿದವರ ಕೂಲಿ, ವಾಹನಗಳ ಡೀಸೆಲ್, ನೀರೆತ್ತುವ ಪಂಪುಗಳ ಮತ್ತು ಬೀದಿದೀಪಗಳ ವಿದ್ಯುತ್ ಬಿಲ್ಲು, ನೀರು ಶುದ್ಧೀಕರಣದ ಆಲಂ ಮತ್ತು ಕ್ಲೋರಿನ್, ನ್ಯಾಯಾಲಯದ ಖರ್ಚು. ಇವೆಲ್ಲ ಕಳೆದು, ಹಿಂದಿನ ವರ್ಷದ ಮುಂದುವರಿದ ಕಾಮಗಾರಿಗಳ ಬಾಕಿ ಬಿಲ್ಲುಗಳನ್ನು ತೀರಿಸಿದ ಮೇಲೆ, ಹೊಸ ಗಟಾರಕ್ಕೆಂದು ಉಳಿಯುವ ಮೊತ್ತ ನಿಮಗೆ ಆಶ್ಚರ್ಯವಾಗುವಷ್ಟು ಸಣ್ಣದಾಗಿರುತ್ತದೆ.

ಇನ್ನುಳಿದ ಹಣ ಹೊರಗಿನಿಂದ ಬರುತ್ತದೆ, ಮತ್ತು ಬರುವಾಗಲೇ ತನ್ನ ಉದ್ದೇಶವನ್ನು ಹೊತ್ತು ಬರುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಅವಧಿಗೆ ಕೊಪ್ಪಳದಂಥ ನಗರಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60 ನಿರ್ಬಂಧಿತ: ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆಗೆ. ಉಳಿದ ಶೇ. 40ರಲ್ಲಿ ಮಾತ್ರ ನಗರಸಭೆಯ ಮಂಡಳಿಗೆ ಆಯ್ಕೆಯ ಅವಕಾಶ. 2015ರಲ್ಲಿ ಆರಂಭವಾದ ಕೇಂದ್ರದ ಅಮೃತ್ ಯೋಜನೆ ಮತ್ತು 2021ರ ಅದರ ಎರಡನೆಯ ಹಂತದ ಹಣ ಮುಖ್ಯವಾಗಿ ನೀರು ಮತ್ತು ಒಳಚರಂಡಿಗೆ. ಅದರ ಕಾಮಗಾರಿಯನ್ನು ಸಾಮಾನ್ಯವಾಗಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ನಿರ್ವಹಿಸುತ್ತದೆಯೇ ಹೊರತು ನಗರಸಭೆಯ ಇಂಜಿನಿಯರಲ್ಲ. ನಗರಗಳ ಮೂಲಸೌಲಭ್ಯಕ್ಕಾಗಿ ಇರುವ ರಾಜ್ಯದ ನಗರೋತ್ಥಾನ ಯೋಜನೆಯ ಹಣ ಹಂತಹಂತವಾಗಿ ಬರುತ್ತದೆ; ಅದರ ಕ್ರಿಯಾ ಯೋಜನೆಗೆ, ಅಂದರೆ ಕೈಗೊಳ್ಳುವ ಕಾಮಗಾರಿಗಳ ಪಟ್ಟಿಗೆ, ಜಿಲ್ಲಾ ಮಟ್ಟದಲ್ಲಿ ಅನುಮೋದನೆ ಬೇಕು.

ನಮ್ಮ ಭಾಗಕ್ಕೆ ಇನ್ನೂ ಎರಡು ಮೂಲಗಳಿವೆ, ಅವು ರಾಜ್ಯದ ಬೇರೆಡೆ ಇಲ್ಲ ಅಥವಾ ಇಷ್ಟು ದೊಡ್ಡದಾಗಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಆಧಾರದ ಮೇಲೆ ರಚನೆಯಾದ, 2019ರ ತನಕ ಹೈದರಾಬಾದ್ ಕರ್ನಾಟಕ ಎಂಬ ಹೆಸರಿನಲ್ಲಿದ್ದ ಪ್ರದೇಶಾಭಿವೃದ್ಧಿ ಮಂಡಳಿಯು ಕಲಬುರಗಿಯಿಂದ ಏಳು ಜಿಲ್ಲೆಗಳಿಗೆ ಹಣ ಹಂಚುತ್ತದೆ. ಯಾವ ತಾಲ್ಲೂಕಿಗೆ ಎಷ್ಟು ಎಂಬುದಕ್ಕೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಹಿಂದುಳಿದಿರುವಿಕೆಯ ಸೂಚ್ಯಂಕ ಆಧಾರ. ಆ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತ್ತು. ನಾನು ಇದನ್ನು ವಿಶೇಷವಾಗಿ ಹೇಳಲು ಕಾರಣವಿದೆ: ಕಾಮಗಾರಿಗಳ ಆದ್ಯತೆಗೆ ಬರಹದಲ್ಲಿರುವ, ಎಣಿಸಿ ನೋಡಬಹುದಾದ ಅಳತೆಗೋಲು ನಿಮಗೆ ಸ್ಪಷ್ಟವಾಗಿ ಸಿಗುವುದು ಇಲ್ಲಿಯೇ. ಆದರೆ ಆ ಅಳತೆಗೋಲು ತಾಲ್ಲೂಕಿನ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ತಾಲ್ಲೂಕಿಗೆ ಬಂದ ಹಣ ಯಾವ ಊರಿನ ಯಾವ ಓಣಿಗೆ ಎಂಬ ಹಂತದಲ್ಲಿ ಸೂಚ್ಯಂಕವಿಲ್ಲ, ಶಾಸಕರ ಶಿಫಾರಸು ಪಟ್ಟಿ ಇರುತ್ತದೆ. ನೀವು ಕೇಳಿದ ಪ್ರಭಾವ ಕೆಲಸ ಮಾಡುವುದು ಹೆಚ್ಚಾಗಿ ಅಲ್ಲಿ.

ಎರಡನೆಯದು ಜಿಲ್ಲಾ ಖನಿಜ ಪ್ರತಿಷ್ಠಾನ. 2015ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ಹುಟ್ಟಿದ ಈ ನಿಧಿಗೆ ಗಣಿ ಗುತ್ತಿಗೆದಾರರು ಹಣ ತುಂಬುತ್ತಾರೆ. ಕಬ್ಬಿಣದ ಅದಿರಿನ ಬಳ್ಳಾರಿಯಲ್ಲಿ ಅದರ ಗಾತ್ರ ದೊಡ್ಡದು, ಹಟ್ಟಿ ಚಿನ್ನದ ಗಣಿಯಿರುವ ರಾಯಚೂರಿನಲ್ಲಿ ಒಂದು ಬಗೆ, ಕೊಪ್ಪಳದಲ್ಲಿ ಇನ್ನೊಂದು ಬಗೆ. ಆ ವರ್ಷದ ಮೂಲ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಶೇ. 60 ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ನೈರ್ಮಲ್ಯದಂಥ ಉನ್ನತ ಆದ್ಯತೆಯ ವಲಯಗಳಿಗೆ ಹೋಗಬೇಕಿತ್ತು, ರಸ್ತೆ–ಸೇತುವೆಗಳು ಉಳಿದ ಭಾಗದಲ್ಲಿ ಬರಬೇಕಿತ್ತು. ಗಣಿಯಿಂದ ಬಾಧಿತವಾದ ಪ್ರದೇಶಕ್ಕೆ ಮಾತ್ರ ಇದು ಸಲ್ಲುವುದರಿಂದ ನಿಮ್ಮ ಬಡಾವಣೆಗೆ ಉಪಯೋಗಕ್ಕೆ ಬಾರದಿರಬಹುದು. ಬಳ್ಳಾರಿಯ ಕಡೆ ಇರುವ ಓದುಗರು ಮಾತ್ರ ಇದನ್ನು ಗಮನದಲ್ಲಿಡಬೇಕು.

ಇಷ್ಟು ಹೇಳಿದ ಮೇಲೆ ‘ಅನುದಾನ ಬಂದಾಗ ನೋಡೋಣ’ ಎಂಬ ಉತ್ತರ ಸಂಪೂರ್ಣ ಸುಳ್ಳಲ್ಲ ಎಂಬುದು ನಿಮಗೆ ಕಾಣುತ್ತದೆ. ಅದು ಅರ್ಧ ಉತ್ತರ. ಅನುದಾನ ಪ್ರತಿ ವರ್ಷವೂ ಬರುತ್ತದೆ. ನಿಮ್ಮ ಗಟಾರಕ್ಕೆ ಹೊಂದುವ ಅನುದಾನ ಬಂದಾಗ ನಿಮ್ಮ ಗಟಾರದ ಕಾಗದಪತ್ರ ಸಿದ್ಧವಿತ್ತೇ ಎಂಬುದು ಉಳಿದರ್ಧ.

ಈಗ ನಗರಸಭೆಯ ಮಂಡಳಿಯೊಳಗೆ ಏನು ನಡೆಯುತ್ತದೆ ಎಂದು ನೋಡೋಣ. ಕರ್ನಾಟಕ ಪೌರಸಭೆಗಳ ಕಾಯ್ದೆ, 1964ರ ಅಡಿಯಲ್ಲಿ ಕೆಲಸ ಮಾಡುವ ಕೊಪ್ಪಳ ನಗರಸಭೆಗೆ 31 ವಾರ್ಡುಗಳಿವೆ. ವಾರ್ಡಿನ ಸದಸ್ಯರ ಜೊತೆಗೆ ಸ್ಥಳೀಯ ಶಾಸಕರು ಮತ್ತು ಸಂಸದರೂ ಮಂಡಳಿಯ ಸದಸ್ಯರೇ, ಅವರಿಗೆ ಮತದಾನದ ಹಕ್ಕೂ ಇದೆ. ಮುಕ್ತನಿಧಿಯ ಹಂಚಿಕೆಯ ಪ್ರಶ್ನೆ ಸಾಮಾನ್ಯ ಸಭೆಗೆ ಬಂದಾಗ ಬಹಳ ಕಡೆ ಒಂದೇ ಪರಿಹಾರ ಮೇಲಕ್ಕೆ ಬರುತ್ತದೆ: ವಾರ್ಡಿಗೆ ಇಷ್ಟು ಎಂದು ಸಮನಾಗಿ ಹಂಚಿಬಿಡುವುದು. ಜಗಳ ತಪ್ಪುತ್ತದೆ, ಸಭೆ ಬೇಗ ಮುಗಿಯುತ್ತದೆ, ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನಲ್ಲಿ ಒಂದು ಭೂಮಿಪೂಜೆ ಮಾಡಬಹುದು.

ನನ್ನ ಅಭಿಪ್ರಾಯದಲ್ಲಿ ಸ್ಥಳೀಯ ಸಂಸ್ಥೆಗಳ ಯೋಜನೆಗೆ ಹೆಚ್ಚು ಹಾನಿ ಮಾಡುತ್ತಿರುವುದು ಪಕ್ಷಪಾತಕ್ಕಿಂತ ಈ ಸಮಪಾಲು. ಲೆಕ್ಕಕ್ಕಾಗಿ ಮಾತ್ರ ಹೇಳುತ್ತೇನೆ: ಮೂರು ಕೋಟಿ ಹತ್ತು ಲಕ್ಷ ರೂಪಾಯಿ ಇದ್ದು 31 ವಾರ್ಡಿಗೆ ಹಂಚಿದರೆ ತಲಾ ಹತ್ತು ಲಕ್ಷ. ಅಷ್ಟರಲ್ಲಿ ಒಂದೆರಡು ಓಣಿಗಳ ಸಣ್ಣ ಗಟಾರವೋ ತುಂಡು ಸಿಮೆಂಟು ರಸ್ತೆಯೋ ಆಗುತ್ತದೆ. ಆದರೆ ಐದಾರು ವಾರ್ಡುಗಳ ನೀರನ್ನು ಹೊತ್ತು ಹಳ್ಳಕ್ಕೆ ಸೇರಿಸುವ ದೊಡ್ಡ ಚರಂಡಿಯನ್ನು ಹತ್ತು ಲಕ್ಷದಲ್ಲಿ ಕಟ್ಟಲಾಗದು, ಮತ್ತು ಅದು ಯಾವ ಒಬ್ಬ ಸದಸ್ಯರ ಪಾಲಿಗೂ ಸೇರದು. ಎಲ್ಲರಿಗೂ ಬೇಕಾದ ಕೆಲಸ ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ. ಹಳೆಯ ವಾರ್ಡುಗಳಲ್ಲಿ ಈಗಾಗಲೇ ಇರುವ ಗಟಾರವನ್ನು ಒಡೆದು ಮತ್ತೆ ಕಟ್ಟುವುದೂ, ಹೊರವಲಯದ ವಾರ್ಡಿನಲ್ಲಿ ಗಟಾರವೇ ಇಲ್ಲದಿರುವುದೂ ಇದೇ ಸಮಪಾಲಿನ ಫಲ. ಅಗತ್ಯ ಸಮನಾಗಿಲ್ಲದಿರುವಾಗ ಪಾಲು ಮಾತ್ರ ಸಮನಾಗಿದ್ದರೆ ಅದರಲ್ಲಿ ಸೋಲುವವರು ನಿಮ್ಮಂಥ ಹೊಸ ಬಡಾವಣೆಯವರು.

ನೀರಿನ ಸಹಜ ನಿಯಮವೂ ನಿಮಗೆ ವಿರುದ್ಧವಾಗಿದೆ. ಗಟಾರ ಕಟ್ಟುವ ಕೆಲಸ ನಿಮ್ಮ ಮನೆಯ ಮುಂದಿನಿಂದ ಆರಂಭವಾಗುವಂತಿಲ್ಲ. ಅದು ನೀರು ಕೊನೆಗೆ ಸೇರುವ ಜಾಗದಿಂದ ಆರಂಭವಾಗಿ ಮೇಲಕ್ಕೆ ಬರಬೇಕು. ಹೊರಹರಿವಿಗೆ ದಾರಿ ಮಾಡದೆ ಓಣಿಯಲ್ಲಿ ಗಟಾರ ಕಟ್ಟಿದರೆ ನೀರು ಓಣಿಯ ಕೊನೆಯ ಮನೆಯ ಮುಂದೆ ಕೆರೆಯಾಗುತ್ತದೆ, ಮುಂದಿನ ಅರ್ಜಿ ಆ ಮನೆಯವರಿಂದ ಬರುತ್ತದೆ. ಈ ಸೀಮೆಯ ಹಳೆಯ ಹಳ್ಳಗಳು, ಕೆರೆಗೆ ನೀರು ತರುತ್ತಿದ್ದ ಕಾಲುವೆಗಳು ಬಡಾವಣೆಗಳ ನಕ್ಷೆಯಲ್ಲಿ ಗೆರೆಯಾಗಿ ಉಳಿದು ನೆಲದ ಮೇಲೆ ಕಾಣದಾಗಿರುವ ಉದಾಹರಣೆಗಳು ಎಷ್ಟೋ ಇವೆ. ಅಂಥ ಕಡೆ ಚರಂಡಿಯ ಅಂದಾಜು ಪಟ್ಟಿಗೂ (ಕೆಲಸದ ಅಳತೆ ಮತ್ತು ವೆಚ್ಚದ ಲೆಕ್ಕಕ್ಕೂ) ಮೊದಲು ಸರ್ವೆ ಆಗಬೇಕು, ಒತ್ತುವರಿ ತೆರವಾಗಬೇಕು, ಕೆಲವೊಮ್ಮೆ ಖಾಸಗಿ ಜಮೀನು ಪಡೆಯಬೇಕು. ಪ್ರಾಮಾಣಿಕ ಇಂಜಿನಿಯರೊಬ್ಬರು ‘ಇದು ಈ ವರ್ಷ ಆಗುವುದಿಲ್ಲ’ ಎಂದರೆ ಅವರ ಮನಸ್ಸಿನಲ್ಲಿರುವುದು ಹಣವಲ್ಲ, ಈ ಹೊರಹರಿವು.

ಕೆಲಸಗಳ ಕ್ರಮದ ಪ್ರಶ್ನೆಯೂ ಇದೆ. ಮೊದಲು ಒಳಚರಂಡಿ, ನಂತರ ನೀರಿನ ಕೊಳವೆ, ಆಮೇಲೆ ಮಳೆನೀರಿನ ಚರಂಡಿ, ಕೊನೆಗೆ ರಸ್ತೆ ಎಂಬುದು ಪುಸ್ತಕದ ಕ್ರಮ. ಆದರೆ ನಾಲ್ಕಕ್ಕೂ ನಾಲ್ಕು ಅನುದಾನ, ನಾಲ್ಕು ಗುತ್ತಿಗೆದಾರರು. ರಸ್ತೆಯ ಹಣ ಮೊದಲು ಬಂದು, ಅದನ್ನು ಮಾರ್ಚ್ 31ರೊಳಗೆ ಖರ್ಚು ಮಾಡದಿದ್ದರೆ ಕೈತಪ್ಪುತ್ತದೆ ಎಂಬ ಒತ್ತಡವಿದ್ದರೆ ರಸ್ತೆಯೇ ಮೊದಲಾಗುತ್ತದೆ, ಮುಂದಿನ ವರ್ಷ ಕೊಳವೆಗಾಗಿ ಅದನ್ನೇ ಅಗೆಯಲಾಗುತ್ತದೆ. ಇದನ್ನು ಜನರು ಮೂರ್ಖತನ ಎನ್ನುತ್ತಾರೆ. ಒಳಗಿನವರಿಗೆ ಅದು ಹಣ ವಾಪಸು ಹೋಗದಂತೆ ನೋಡಿಕೊಂಡ ಜಾಣತನ. ಇಬ್ಬರೂ ಹೇಳುತ್ತಿರುವುದು ನಿಜ.

ಕಣ್ಣಿಗೆ ಕಾಣದ ಕೆಲಸಗಳು ಹಿಂದೆ ಬೀಳುತ್ತವೆ ಎಂಬುದನ್ನೂ ಇಲ್ಲಿ ಹೇಳಲೇಬೇಕು. 2022ರ ಮೇ ಕೊನೆ ಮತ್ತು ಜೂನ್ ಆರಂಭದಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ಅಸ್ವಸ್ಥರಾದರು, ಸಾವುಗಳೂ ಸಂಭವಿಸಿದವು. ರಾಂಪುರ ಜಲಾಶಯದ ಬಳಿಯ ಶುದ್ಧೀಕರಣ ಘಟಕದ ಸ್ಥಿತಿ ಆಗ ರಾಜ್ಯದ ಗಮನಕ್ಕೆ ಬಂತು. ಮರುವರ್ಷ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲಿಯೂ ಅಂಥದೇ ದುರಂತ ನಡೆಯಿತು. ಶೋಧಕಗಳ ಮರಳು ಬದಲಿಸುವುದು, ಕೊಳವೆಯ ಸೋರಿಕೆ ಹುಡುಕುವುದು, ನೀರಿನ ತೊಟ್ಟಿ ತೊಳೆಸುವುದು, ಇವಕ್ಕೆ ಉದ್ಘಾಟನೆಯ ಕಲ್ಲು ಹಾಕಲು ಬರುವುದಿಲ್ಲ. ಆದ್ದರಿಂದ ಸದಸ್ಯರ ಬೇಡಿಕೆ ಪಟ್ಟಿಯಲ್ಲಿ ಅವು ಕಾಣುವುದೂ ಕಡಿಮೆ. ಮಂಡಳಿಯೊಂದು ನಿಜವಾಗಿ ಆದ್ಯತೆ ನಿಗದಿ ಮಾಡುತ್ತಿದೆಯೇ ಎಂದು ತಿಳಿಯಬೇಕಾದರೆ ನಾನು ಹೊಸ ಕಾಮಗಾರಿಗಳ ಪಟ್ಟಿಗಿಂತ ಮೊದಲು ಬಜೆಟ್ಟಿನ ನಿರ್ವಹಣಾ ವೆಚ್ಚದ ಪುಟವನ್ನು ನೋಡುತ್ತೇನೆ. ನಿಮ್ಮ ಗಟಾರಕ್ಕಿಂತ ಮೊದಲು ಶುದ್ಧೀಕರಣ ಘಟಕಕ್ಕೆ ಹಣ ಹೋಯಿತೆಂದಾದರೆ ಅದನ್ನು ವಿರೋಧಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ನಿಮ್ಮ ಬಡಾವಣೆಯ ಸ್ಥಿತಿ. ಪ್ರಶ್ನೆಯಲ್ಲಿ ಇದನ್ನು ನೀವು ಹೇಳಿಲ್ಲ, ಆದರೆ ಉತ್ತರದ ಬೀಗದ ಕೈ ಬಹುಶಃ ಇಲ್ಲಿಯೇ ಇದೆ. ಖಾಸಗಿ ಬಡಾವಣೆಯಾಗಿದ್ದರೆ ರಸ್ತೆ, ಚರಂಡಿ, ನೀರು, ಒಳಚರಂಡಿ, ವಿದ್ಯುತ್ ಸೌಲಭ್ಯಗಳನ್ನು ಒದಗಿಸುವ ಹೊಣೆ ಬಡಾವಣೆ ಮಾಡಿದವರದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ವಿನ್ಯಾಸಕ್ಕೆ ಅನುಮೋದನೆ ಕೊಡುವ ನಗರಾಭಿವೃದ್ಧಿ ಪ್ರಾಧಿಕಾರವು, ಈ ಕೆಲಸಗಳು ಮುಗಿಯುತ್ತ ಬಂದಂತೆ ಹಂತಹಂತವಾಗಿ ನಿವೇಶನಗಳನ್ನು ಮಾರಾಟಕ್ಕೆ ಬಿಡುಗಡೆ ಮಾಡಬೇಕು. ಕೊನೆಗೆ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನಗಳು ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಬೇಕು. ಹಸ್ತಾಂತರವಾಗದ ಬಡಾವಣೆಯಲ್ಲಿ ನಗರಸಭೆ ತನ್ನ ಹಣ ಹಾಕಿದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಆ ಆಕ್ಷೇಪಣೆ ಸಹಿ ಮಾಡಿದ ಅಧಿಕಾರಿಯ ಹೆಸರಿನಲ್ಲಿಯೇ ಇರುತ್ತದೆ. ಹೀಗಾಗಿ ಅವರು ಇಲ್ಲ ಎಂದೂ ಬರೆಯುವುದಿಲ್ಲ, ಆಗಲಿ ಎಂದೂ ಬರೆಯುವುದಿಲ್ಲ. ‘ಅನುದಾನ ಬಂದಾಗ’ ಎಂದು ಬರೆಯುತ್ತಾರೆ.

ಕೃಷಿ ಜಮೀನಿನಲ್ಲಿ ಅನುಮೋದನೆ ಇಲ್ಲದೆ ನಿವೇಶನ ಮಾಡಿ ಮಾರಿದ ರೆವಿನ್ಯೂ ಬಡಾವಣೆಯಾದರೆ ಇನ್ನೂ ಕಷ್ಟ. 2025ರಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿತು. ಬಿ-ಖಾತಾ ಬಂದ ಕೂಡಲೇ ಬಡಾವಣೆ ಸಕ್ರಮವಾಯಿತೆಂದು ಕೆಲವರು ತಿಳಿದುಕೊಂಡಿದ್ದಾರೆ. ಅದು ತೆರಿಗೆ ವಸೂಲಿಯ ದಾಖಲೆಯಷ್ಟೇ ಹೊರತು ವಿನ್ಯಾಸದ ಅನುಮೋದನೆಯಲ್ಲ. ಹಾಗೆಂದು ತೆರಿಗೆ ಪಡೆಯುವ ಸಂಸ್ಥೆ ಮೂಲಸೌಲಭ್ಯದ ಮಾತು ಬಂದಾಗ ಪೂರ್ತಿ ಕೈತೊಳೆದುಕೊಳ್ಳುವುದು ಸರಿಯೆಂದು ನನಗೆ ತೋರುವುದಿಲ್ಲ. ಗಡಿಯ ವಿಷಯವನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ: ಕೊಪ್ಪಳಕ್ಕೆ ಅಂಟಿಕೊಂಡಂತಿರುವ ಭಾಗ್ಯನಗರಕ್ಕೆ ಪ್ರತ್ಯೇಕ ಪಟ್ಟಣ ಪಂಚಾಯಿತಿ ಇದೆ, ಹೊರವಲಯದ ಕೆಲವು ಬಡಾವಣೆಗಳು ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿರುತ್ತವೆ. ರಸೀದಿ ಕೊಡುವ ಸಂಸ್ಥೆ ಯಾವುದೋ ಅರ್ಜಿ ಹೋಗಬೇಕಾದದ್ದು ಅಲ್ಲಿಗೇ.

ಇನ್ನು ನೀವು ಮಾಡಬೇಕಾದ ಕೆಲಸ. ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದಗಳನ್ನು ಮೀರಬಾರದು. ಎಲ್ಲ ಸಿಟ್ಟನ್ನೂ ಒಂದೇ ಅರ್ಜಿಯಲ್ಲಿ ತುಂಬಿದವರಿಗೆ ತಿರಸ್ಕೃತ ಪತ್ರ ಬರುತ್ತದೆ. ಒಂದು ಅರ್ಜಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಲಿ: ಬಡಾವಣೆಯ ಅನುಮೋದಿತ ವಿನ್ಯಾಸ ನಕ್ಷೆ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ, ಹಸ್ತಾಂತರದ ಪತ್ರದ ಪ್ರತಿ ಕೇಳಿ. ಇನ್ನೊಂದು ನಗರಸಭೆಗೆ: ಕಳೆದ ಎರಡು ವರ್ಷಗಳಲ್ಲಿ ನಿಮ್ಮ ವಾರ್ಡಿನಲ್ಲಿ ಕೈಗೊಂಡ ಕಾಮಗಾರಿಗಳ ಕ್ರಿಯಾ ಯೋಜನೆಯ ಪ್ರತಿಯನ್ನು, ಪ್ರತಿ ಕಾಮಗಾರಿಯ ಲೆಕ್ಕ ಶೀರ್ಷಿಕೆ ಸಹಿತ ಕೇಳಿ. 30 ದಿನಗಳೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಈ ಕಾಗದಗಳು ಕೈಗೆ ಬಂದರೆ ನಿಮ್ಮ ಹೋರಾಟ ಯಾರ ವಿರುದ್ಧ ಎಂಬುದು ಸ್ಪಷ್ಟವಾಗುತ್ತದೆ.

ಬೇಡಿಕೆಯ ಅರ್ಜಿಯ ಸ್ವರೂಪವನ್ನೂ ಬದಲಿಸಿ. ‘ಗಟಾರ ಮಾಡಿಸಿಕೊಡಿ’ ಎಂಬ ಅರ್ಜಿಗೆ ಕಚೇರಿಯಲ್ಲಿ ಜಾಗವಿಲ್ಲ, ಏಕೆಂದರೆ ಅದಕ್ಕೆ ಲೆಕ್ಕ ಹಾಕಲು ಬರುವುದಿಲ್ಲ. ಓಣಿಯ ಉದ್ದ ಎಷ್ಟು ಮೀಟರ್, ಎರಡೂ ಬದಿಯಲ್ಲಿ ಎಷ್ಟು ಮನೆಗಳಿವೆ, ನೆಲ ಯಾವ ಕಡೆ ಇಳಿಜಾರಾಗಿದೆ, ಮಳೆನೀರು ಈಗ ಎಲ್ಲಿ ನಿಲ್ಲುತ್ತದೆ, ಹತ್ತಿರದ ದೊಡ್ಡ ಚರಂಡಿ ಅಥವಾ ಹಳ್ಳ ಎಷ್ಟು ದೂರದಲ್ಲಿದೆ, ಮಧ್ಯದಲ್ಲಿ ಯಾರದಾದರೂ ಜಮೀನು ಅಡ್ಡ ಬರುತ್ತದೆಯೇ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಮಳೆ ಬಂದ ದಿನದ ಫೋಟೋ ಲಗತ್ತಿಸಿ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳು ಗಣನೀಯ ಸಂಖ್ಯೆಯಲ್ಲಿದ್ದರೆ ಅದನ್ನೂ ನಮೂದಿಸಿ; ಶೇ. 24.10ರ ನಿಧಿಯ ಬಾಗಿಲು ತೆರೆಯುವುದು ಆ ಒಂದು ವಾಕ್ಯದಿಂದ. ಮತ್ತು ಕೇಳುವಾಗ ಗಟಾರವನ್ನು ಕೇಳಬೇಡಿ, ಅಂದಾಜು ಪಟ್ಟಿಯನ್ನು ಕೇಳಿ: ಕಿರಿಯ ಇಂಜಿನಿಯರ್ ಸ್ಥಳ ಪರಿಶೀಲಿಸಿ ಲೆವೆಲ್ ತೆಗೆದು ಅಂದಾಜು ಪಟ್ಟಿ ಸಿದ್ಧಪಡಿಸಬೇಕೆಂದು ಪೌರಾಯುಕ್ತರಿಗೆ ಬರೆಯಿರಿ.

ಅಂದಾಜು ಪಟ್ಟಿಗೆ ಇಷ್ಟೊಂದು ಮಹತ್ವ ಏಕೆ ಎಂದರೆ, ಹಣ ಬರುವ ಕಾಲ ಯಾವಾಗಲೂ ಅವಸರದ ಕಾಲ. ಸರ್ಕಾರದಿಂದ ಬಿಡುಗಡೆ ಆದೇಶ ವರ್ಷದ ಕೊನೆಯ ತಿಂಗಳುಗಳಲ್ಲಿ ಬಂದು, ಒಂದು ವಾರದೊಳಗೆ ಕ್ರಿಯಾ ಯೋಜನೆ ಸಲ್ಲಿಸಿ ಎಂದು ಜಿಲ್ಲಾ ನಗರಾಭಿವೃದ್ಧಿ ಕೋಶದಿಂದ ಪತ್ರ ಬರುವುದು ಹೊಸ ಸಂಗತಿಯಲ್ಲ. ಆಗ ಯಾರೂ ನಗರ ಸುತ್ತಿ ಅಗತ್ಯಗಳನ್ನು ಪಟ್ಟಿ ಮಾಡುವುದಿಲ್ಲ. ಇಂಜಿನಿಯರ್ ಶಾಖೆಯ ಕಪಾಟಿನಲ್ಲಿ ಸಿದ್ಧವಾಗಿರುವ ಅಂದಾಜು ಪಟ್ಟಿಗಳನ್ನು ತೆಗೆದು ಸೇರಿಸುತ್ತಾರೆ. ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ, 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್, ಕಾರ್ಯಾದೇಶ, ಇವೆಲ್ಲಕ್ಕೂ ತಿಂಗಳುಗಳು ಹಿಡಿಯುವುದರಿಂದ ಸಿದ್ಧ ಕಾಗದವಿರುವ ಕಾಮಗಾರಿ, ಅದಕ್ಕಿಂತ ಹೆಚ್ಚು ಅಗತ್ಯವಿದ್ದೂ ಕಾಗದವಿಲ್ಲದ ಕಾಮಗಾರಿಯನ್ನು ಹಿಂದಿಕ್ಕಿಬಿಡುತ್ತದೆ. ನಿಮ್ಮ ಮುಖ್ಯರಸ್ತೆಯ ಡಾಂಬರು ಇಷ್ಟು ಬೇಗ ಆಗಿದ್ದಕ್ಕೂ ಇದೊಂದು ಕಾರಣವಿರಬಹುದು: ಡಾಂಬರಿನ ಅಂದಾಜು ಪಟ್ಟಿ ಒಂದು ಮಧ್ಯಾಹ್ನದ ಕೆಲಸ, ಇಳಿಜಾರು ಲೆಕ್ಕ ಹಾಕಿ ಚರಂಡಿಯ ಪಟ್ಟಿ ಮಾಡುವುದು ಹಾಗಲ್ಲ.

ಸಮಯದ ವಿಷಯದಲ್ಲಿಯೂ ಒಂದು ಮಾತು. ಸಾಮಾನ್ಯವಾಗಿ ಜನರು ಅರ್ಜಿ ಕೊಡುವುದು ಜುಲೈ, ಆಗಸ್ಟ್‌ನಲ್ಲಿ, ನೀರು ಮನೆಗೆ ನುಗ್ಗಿದ ಮರುದಿನ. ಆ ವರ್ಷದ ಬಜೆಟ್ ಆಗ ಮುಗಿದುಹೋಗಿರುತ್ತದೆ. ಮುಂದಿನ ವರ್ಷದ ಬಜೆಟ್ಟಿನ ತಯಾರಿ ನವೆಂಬರ್–ಡಿಸೆಂಬರ್ ಹೊತ್ತಿಗೆ ಆರಂಭವಾಗುತ್ತದೆ. 2006ರ ಕರ್ನಾಟಕ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ಬಜೆಟ್‌ಗೆ ಮೊದಲು ಸಾರ್ವಜನಿಕರ ಸಮಾಲೋಚನಾ ಸಭೆ ನಡೆಯಬೇಕು. ಆ ಸಭೆಗಳಿಗೆ ಹೋಗುವವರು ಬೆರಳೆಣಿಕೆಯಷ್ಟು ಜನ. ಆದ್ದರಿಂದಲೇ ಅಲ್ಲಿ ಅಳತೆ ಸಹಿತ ಮಾತನಾಡಿದವರ ಮಾತು ನಡಾವಳಿಯಲ್ಲಿ ದಾಖಲಾಗುತ್ತದೆ. ಮಳೆಗಾಲದಲ್ಲಿ ಫೋಟೋ ತೆಗೆದಿಡಿ, ಚಳಿಗಾಲದಲ್ಲಿ ಅದನ್ನು ಸಭೆಗೆ ಒಯ್ಯಿರಿ.

ಬಳ್ಳಾರಿಯ ಓದುಗರಿಗೆ ಇನ್ನೊಂದು ದಾರಿಯೂ ಇದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. 39 ವಾರ್ಡುಗಳ ಬಳ್ಳಾರಿ ಮಹಾನಗರ ಪಾಲಿಕೆಯಲ್ಲಿ 2011ರ ಜನಗಣತಿಯಲ್ಲಿಯೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿದ್ದರು. ಪಾಲಿಕೆಗಳ ವಾರ್ಡ್ ಸಮಿತಿ ವಾರ್ಡಿನ ಅಭಿವೃದ್ಧಿ ಯೋಜನೆ ಸಿದ್ಧಪಡಿಸಿ ಕಳುಹಿಸಬಹುದು. ಸಮಿತಿ ರಚನೆಯಾಗಿದ್ದು ಸಭೆಯೇ ನಡೆಯದಿದ್ದರೆ, ಸಭೆ ಕರೆಯಿರಿ ಎಂದು ಲಿಖಿತವಾಗಿ ಕೇಳುವುದೇ ಮೊದಲ ಹೆಜ್ಜೆ. ಅದೇ ಜನಗಣತಿಯಲ್ಲಿ ಸುಮಾರು 70 ಸಾವಿರ ಜನರಿದ್ದ ಕೊಪ್ಪಳಕ್ಕೆ ಆ ಸಾಂವಿಧಾನಿಕ ಕಡ್ಡಾಯ ಅನ್ವಯಿಸುವುದಿಲ್ಲವಾದ್ದರಿಂದ ನಿಮಗೆ ಉಳಿಯುವುದು ವಾರ್ಡಿನ ಸದಸ್ಯರು ಮತ್ತು ಸಾಮಾನ್ಯ ಸಭೆ. ಸದಸ್ಯರ ಬಳಿ ಭರವಸೆ ಕೇಳುವ ಬದಲು ವಿಷಯವನ್ನು ಸಭೆಯ ಕಾರ್ಯಸೂಚಿಗೆ ಸೇರಿಸಿ ಠರಾವು ಮಾಡಿಸಿ ಎಂದು ಕೇಳಿ. ಠರಾವಿಗೆ ಸಂಖ್ಯೆ ಇರುತ್ತದೆ, ಅದರ ಪ್ರತಿಯನ್ನು ಪಡೆಯಬಹುದು, ಮುಂದಿನ ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಬಹುದು.

ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳು ಆಡಳಿತಾಧಿಕಾರಿಯಾಗಿರುತ್ತಾರೆ, ಮಂಡಳಿಯ ಅಧಿಕಾರವೆಲ್ಲ ಅವರಲ್ಲಿರುತ್ತದೆ. ಪ್ರಜಾಪ್ರಭುತ್ವದ ದೃಷ್ಟಿಯಿಂದ ಅದು ಕೊರತೆಯೇ. ಆದರೆ ವಾರ್ಡುವಾರು ಸಮಪಾಲಿನ ಒತ್ತಡ ಆಗ ತುಸು ಸಡಿಲವಾಗುವುದರಿಂದ, ಹಲವು ವಾರ್ಡುಗಳಿಗೆ ಸಂಬಂಧಿಸಿದ ದೊಡ್ಡ ಚರಂಡಿಯ ಪ್ರಸ್ತಾವವನ್ನು ಮುಂದಿಡಲು ಅದು ಅನುಕೂಲದ ಕಾಲವೂ ಹೌದು. ನಿಮ್ಮ ನೀರು ಹರಿದು ಹೋಗುವ ದಾರಿಯಲ್ಲಿರುವ ಅಕ್ಕಪಕ್ಕದ ಬಡಾವಣೆಯವರನ್ನು ಸೇರಿಸಿಕೊಂಡು ಒಂದೇ ಜಂಟಿ ಮನವಿ ಕೊಡಿ.

ಕೊನೆಯದಾಗಿ, ಹಸ್ತಾಂತರ ಆಗಿಲ್ಲವೆಂದು ಪ್ರಾಧಿಕಾರದಿಂದ ಉತ್ತರ ಬಂದರೆ ನಗರಸಭೆಯ ಹಿಂದೆ ಅಲೆಯುವುದನ್ನು ಅಲ್ಲಿಗೇ ನಿಲ್ಲಿಸಿ, ನಿವೇಶನಗಳನ್ನು ಯಾವ ಹಂತದಲ್ಲಿ, ಯಾವ ಪರಿಶೀಲನಾ ವರದಿಯ ಆಧಾರದ ಮೇಲೆ ಬಿಡುಗಡೆ ಮಾಡಲಾಯಿತು ಎಂದು ಪ್ರಾಧಿಕಾರವನ್ನು ಕೇಳಿ. ಚರಂಡಿಯೇ ಇಲ್ಲದ ಬಡಾವಣೆಯಲ್ಲಿ ಎಲ್ಲ ನಿವೇಶನಗಳೂ ಬಿಡುಗಡೆಯಾಗಿದ್ದರೆ ಆ ವರದಿಗೆ ಸಹಿ ಮಾಡಿದವರು ಉತ್ತರಿಸಬೇಕಾಗುತ್ತದೆ. ಬಿಡುಗಡೆಯಾಗದೆ ಉಳಿದ ನಿವೇಶನಗಳಿದ್ದರೆ ಅವು ನಿಮಗೆ ಸಿಕ್ಕ ಹಿಡಿತ: ಚರಂಡಿ ಪೂರ್ಣಗೊಳಿಸುವ ತನಕ ಅವುಗಳನ್ನು ಬಿಡುಗಡೆ ಮಾಡಬಾರದೆಂದು ಪ್ರಾಧಿಕಾರದ ಆಯುಕ್ತರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಅದರ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಕಳುಹಿಸಿ, ಎರಡೂ ಕಡೆಯಿಂದ ಸ್ವೀಕೃತಿ ಪಡೆದಿಟ್ಟುಕೊಳ್ಳಿ.